ಏಳನೆಯ ಕಿವಿಗುರುತು

“ಅಲ್ರೀ ಅಮ್ಮಾರೆ, ಬೆನಕಪ್ಪನ ಕುರಿ ಕಿವಿ ನಿಮ್ಮ ಪುಸ್ತಕದಾಗೆ ಯಾಕೈತೆ?”

ಅರುಣಾ ಓದುತ್ತಿದ್ದವರು ತಲೆ ಎತ್ತಿದರು. ಚಿಕ್ಕಹನುಮಂತಪ್ಪ ತಮಾಷೆ ಮಾಡುತ್ತಿರಲಿಲ್ಲ. ಕಂಕುಳಲ್ಲಿ ಎರಡು ದಿನದ ಮರಿಯನ್ನು ಅವಚಿಕೊಂಡು, ಬೆರಳು ತಾಗಿದರೆ ಹಾಳೆ ಕೊಳೆಯಾದೀತೆಂದು ಕೈಯನ್ನು ಗೇಣು ದೂರದಲ್ಲೇ ತಡೆದು, ‘ಚುಕ್ಕಿ ಮಂದೆ’ಯ ಕೊನೆಯ ಪುಟವನ್ನು ತೋರಿಸುತ್ತಿದ್ದರು.

“ಯಾವುದ್ರೀ? ಈ ಎಲೆನಾ?”

“ಎಲೆ ಅಂತೀರಲ್ಲ! ಕಿವಿ ಅದು. ತುದಿ ನೆಟ್ಟಗೆ ಕೊಯ್ದು, ಪಕ್ಕದಾಗೆ ಒಂದು ಕಚ್ಚು. ಬೆನಕಪ್ಪರ ಮನಿ ಗುರುತು. ಅದಕ್ಕೆ ನರ ಯಾಕೆ ಬಿಡಿಸ್ಯಾರೋ ಏನೋ.”

ಈ ಪುಸ್ತಕ ನನ್ನದು, ಬೇರೆಯವರ ಹೆಸರಿನಲ್ಲಿ ಅಚ್ಚಾಗಿದೆ ಎಂದು ಚಿಕ್ಕಹನುಮಂತಪ್ಪನವರ ಮಗಳು ಅಂಬಿಕಾ ಹೊನ್ನಾಳಿಗೆ ಬಂದು ಅರುಣಾ ಎದುರು ಕಣ್ಣೀರು ಹಾಕಿ ಇಂದಿಗೆ ಎಂಟು ದಿನ. ನಾಳೆ ಭಾನುವಾರ ಹನ್ನೊಂದು ಗಂಟೆಗೆ ಚನ್ನಗಿರಿಯಲ್ಲಿ ‘ಚುಕ್ಕಿ ಮಂದೆ’ಗೆ ಮಕ್ಕಳ ಪುಸ್ತಕ ಬಳಗದ ಬಹುಮಾನ. ತಕರಾರು ಇದ್ದವರು ವೇದಿಕೆ ಏರುವ ಮೊದಲೇ ಆಧಾರ ತರಬೇಕು, ಆಮೇಲೆ ಕೇಳುವುದಿಲ್ಲ ಎಂದು ಬಳಗದವರು ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ್ದರು. ಬಹುಮಾನ ಬಂದ ಪುಸ್ತಕ ಸೋಮವಾರದಿಂದ ಶಾಲೆ ಶಾಲೆಗೆ ಹೋಗುತ್ತದೆ. ಮಕ್ಕಳು ಒಮ್ಮೆ ಒಂದು ಹೆಸರು ಕಲಿತರೆ ಅದೇ ಹೆಸರು ನಿಲ್ಲುತ್ತದೆ.

ಅಂಬಿಕಾಳ ಕೈಯಲ್ಲಿ ಆಧಾರವೇ ಇರಲಿಲ್ಲ. ಕತೆ ಬರೆದಿದ್ದ ನೋಟ್‌ಬುಕ್‌ಗಳು ಸಂಕ್ರಾಂತಿಯ ನಂತರ ಮನೆಯ ಟ್ರಂಕಿನಿಂದ ಮಾಯವಾಗಿದ್ದವು. ಆ ಟ್ರಂಕು ನೋಡಲೆಂದೇ ಅರುಣಾ ಹಿಂದಿನ ಸಂಜೆ ಜಗಳೂರಿಗೆ ಬಂದು, ಬೆಳಗಿನ ಮೊದಲ ಬಸ್ಸಿಗೆ ಸೊಕ್ಕೆಯಲ್ಲಿ ಇಳಿದಿದ್ದರು. ಅವರು ಇಳಿದ ಬಸ್ಸು ವಾಪಸ್ ತಿರುಗುವಾಗ ಅದಕ್ಕೇ ಅಂಬಿಕಾ ಹತ್ತಿ ಜಗಳೂರಿನ ಜೆರಾಕ್ಸ್ ಅಂಗಡಿಯ ಕೆಲಸಕ್ಕೆ ಹೋಗಿದ್ದಳು. “ಅವ್ವ ಎಲ್ಲಾ ತೋರಸ್ತಾಳೆ ಮೇಡಂ” ಎಂದಷ್ಟೇ ಹೇಳಲು ಬಿಡುವಾಗಿತ್ತು ಅವಳಿಗೆ.

ಟ್ರಂಕಿನ ಬೀಗ ಮುರಿದಿರಲಿಲ್ಲ. ಒಂದು ಗೀರು ಕೂಡ ಇರಲಿಲ್ಲ. ಅದನ್ನು ಅರುಣಾ ಮನಸ್ಸಿನಲ್ಲಿ ಗುರುತು ಹಾಕಿಕೊಂಡು ಜಗುಲಿಗೆ ಬಂದು ಕೂತಿದ್ದರು. ಆಗಲೇ ಈ ಕಿವಿಯ ಮಾತು ಬಂದದ್ದು.

“ಮಿಕ್ಕಿದ್ದೂ ಓದ್ರಿ” ಎಂದು ಅರುಣಾ ಪುಸ್ತಕವನ್ನು ಅವರತ್ತ ತಿರುಗಿಸಿದರು.

“ನಂಗೆಲ್ಲಿ ಓದಾಕೆ ಬರ್ತತಿ?”

“ಇದು ಬರುತ್ತೆ ನಿಮಗೆ. ಓದ್ರಿ.”

ಪುಟದ ತುಂಬ ಅಡ್ಡಸಾಲಿನಲ್ಲಿ ಏಳು ಚಿತ್ರ. ಕತೆಯಲ್ಲಿ ಅದು ನಕ್ಷತ್ರದ ಜನರ ಭಾಷೆ. ಮೋಡದ ಮರೆಯಲ್ಲಿ ಮಂದೆ ಸಾಕುವ ಆ ಜನ, ದಾರಿ ತಪ್ಪಿ ಮೇಲೆ ಬಂದ ತಿಪ್ಪಿ ಎಂಬ ಹುಡುಗಿಗೆ ಮನೆಯ ದಾರಿಯನ್ನು ಏಳು ಅಕ್ಷರಗಳಲ್ಲಿ ಬರೆದುಕೊಡುತ್ತಾರೆ. ಮುದ್ರಿತ ಪುಸ್ತಕದಲ್ಲಿ ಅದರ ಹೆಸರು ‘ಎಲೆ ಅಕ್ಷರ’. ಹೊನ್ನಾಳಿಯ ಬಸ್ ನಿಲ್ದಾಣದ ಹಿಂದೆ ಅರುಣಾ ನಡೆಸುವ ಬಾಡಿಗೆ ಪುಸ್ತಕದ ಅಂಗಡಿಯಲ್ಲಿ ಮಾಟಗಾರರ ಕತೆ, ಆಕಾಶನೌಕೆಯ ಕತೆ ಒಂದು ಗೋಡೆಯಷ್ಟಿವೆ. ಆದರೂ ಈ ವರ್ಷ ಮಕ್ಕಳು ಸರದಿ ಹಚ್ಚಿದ್ದು ‘ಚುಕ್ಕಿ ಮಂದೆ’ಗೆ. ಆ ಅಕ್ಷರಗಳನ್ನು ಕೈಮೇಲೆ ಪೆನ್ನಿನಲ್ಲಿ ಬರೆದುಕೊಂಡು ತಿರುಗುತ್ತಿದ್ದರು ಹುಡುಗರು.

ಚಿಕ್ಕಹನುಮಂತಪ್ಪ ಮರಿಯನ್ನು ಕೆಳಗಿಳಿಸಿ, ಕೈಯನ್ನು ಪಂಚೆಗೆ ಒರೆಸಿಕೊಂಡು, ಎಡದಿಂದ ಶುರು ಮಾಡಿದರು.

“ಬೆನಕಪ್ಪ. ಇದು ಸಾವಂತ್ರಮ್ಮರದು, ತುದಿ ಸೀಳಿರ್ತತಿ. ಇದು ಶಿವಮೂರ್ತಪ್ಪರದು. ನಡುವೆ ತೂತು ಐತಲ್ಲ, ಇದು ನಿಂಗರಾಜಂದು. ಎರಡು ಕಚ್ಚು, ಅಂತರಘಟ್ಟಮ್ಮರದು. ಇದು ಕೆಂಚೇಶಂದು, ಅರ್ಧ ಚಂದ್ರ.” ಅಲ್ಲಿಗೆ ನಿಂತರು. “ಅರೆ, ಇದು ನಮ್ಮ ಓಣಿ ಕಣ್ರಿ ಅಮ್ಮಾರೆ!”

“ಓಣಿ ಅಂದ್ರೆ?”

“ಸಂಜಿಗೆ ಮಂದೆ ಹೊಡ್ಕಂಡು ಬರ್ತನಲ್ಲ. ನನ್ನವೇನಲ್ಲ, ಆರು ಮನೆಯೋರ ಕುರಿ, ಕೂಲಿ ಮ್ಯಾಲೆ ಕಾಯೋದು. ಓಣಿ ಬಾಯಾಗೆ ಬಂದ ಕೂಡ್ಲೆ ಮೊದ್ಲು ಬೆನಕಪ್ಪನ ಕುರಿ ತಾವೇ ಒಳಕ್ಕೆ ತಿರುಗ್ತಾವೆ. ಆಮೇಲೆ ಸಾವಂತ್ರಮ್ಮನವು. ಹಿಂಗೇ ಒಂದೊಂದೇ ಮನಿಗೆ ಇಳೀತಾವೆ. ಕೊನಿಗೆ ಕೆಂಚೇಶನವು. ಅದೇ ಸಾಲು ಇಲ್ಲಿ ಹಂಗಂಗೇ ಐತೆ.”

ಅರುಣಾ ಪುಸ್ತಕವನ್ನು ಹತ್ತಿರ ಎಳೆದುಕೊಂಡರು. ಮನೆಯ ದಾರಿ. ನಕ್ಷತ್ರದ ಜನ ತಿಪ್ಪಿಗೆ ಕೊಟ್ಟದ್ದು ಸೊಕ್ಕೆಯ ಈ ಓಣಿಯನ್ನೇ!

“ಏಳನೇದು?”

ಚಿಕ್ಕಹನುಮಂತಪ್ಪ ಬಹಳ ಹೊತ್ತು ನೋಡಿದರು. ಕೆಳಗೆ ಅರ್ಧ ಚಂದ್ರ, ಮೇಲೆ ಸಣ್ಣ ತೂತು. “ಇದು ಯಾರದೂ ಅಲ್ಲ. ಸುತ್ತ ನಾಕು ಹಳ್ಳಿ ಗುರುತು ಬಲ್ಲೆ ನಾನು. ಈ ಗುರುತು ಎಲ್ಲೂ ಇಲ್ಲ.”

“ಕೆಂಚೇಶ್ ಮನೆ ಆದ ಮೇಲೆ ಓಣಿಯಲ್ಲಿ ಯಾರ ಮನೆ?”

ಅವರು ತಮ್ಮ ಮನೆಯ ಬಾಗಿಲ ಕಡೆ ನೋಡಿದರು. ಓಣಿಯ ಕೊನೆಯ ಮನೆಯ ಜಗುಲಿಯ ಮೇಲೆಯೇ ಅವರಿಬ್ಬರೂ ಕೂತಿದ್ದರು.

“ಕುರಿ ಇಲ್ಲದೋರಿಗೆ ಗುರುತ್ಯಾಕೆ ಬೇಕಿತ್ತು” ಎಂದು ಕೊನೆಗೆ ಗೊಣಗಿ, ಮರಿಯನ್ನೆತ್ತಿಕೊಂಡು ಅತ್ತ ತಿರುಗಿ ನಿಂತರು. ಮುಖ ಕಾಣಲಿಲ್ಲ. ಅರುಣಾ ಕಾಣಬೇಕೆಂದು ಹೊರಳಲೂ ಇಲ್ಲ. ಅಪ್ಪನಿಗಿಲ್ಲದ ಮಂದೆಗೆ ಮಗಳು ಕಾಗದದ ಮೇಲೆ ಗುರುತು ಕೊಯ್ದಿದ್ದಾಳೆ ಎಂದುಕೊಂಡರು. ಇಷ್ಟು ಸಾಕು. ಯಾವ ನ್ಯಾಯಸ್ಥರು ಬಂದರೂ ಇಷ್ಟು ಸಾಕು.

ಒಳಗಿನಿಂದ ಅಂಬಿಕಾಳ ಅವ್ವ ಮೂಕಮ್ಮ ಬಾಗಿಲವರೆಗೆ ಬಂದು, ಸೆರಗು ಹಿಡಿದುಕೊಂಡು ನಿಂತರು. ಏನೋ ಕೇಳಬೇಕು, ಕೇಳಲೋ ಬೇಡವೋ ಎಂಬ ನಿಲುವು. ಅರುಣಾಗೆ ಅರ್ಥವಾಯಿತು.

“ಮೂಕಮ್ಮಾರೆ, ಬೆಳಗ್ಗೆಯಿಂದ ಒಂದು ಲೋಟ ಚಹಾ ಇಲ್ಲ ನಂಗೆ. ಸಕ್ಕರೆ ಜಾಸ್ತಿ ಹಾಕ್ರಿ, ಡಾಕ್ಟ್ರು ಹೊನ್ನಾಳ್ಯಾಗೆ ಅದಾರೆ.”

ಮೂಕಮ್ಮ ನಕ್ಕರು. ಚಹಾದ ಜೊತೆ ಹುರಿದ ಶೇಂಗಾ ಬಂತು. ಸಿಪ್ಪೆ ತೆಗೆದು, ಒಳ್ಳೆಯದನ್ನಷ್ಟೇ ಆರಿಸಿ ಹಾಕಿದ್ದರು. ಅರುಣಾ ಒಂದೊಂದೇ ಬಾಯಿಗಿಡುತ್ತ ಕೇಳಿದರು.

“ಟ್ರಂಕಿನ ಬೀಗದ ಕೈ ಎಲ್ಲಿರ್ತದ್ರಿ?”

“ದೇವ್ರ ಫೋಟೊ ಹಿಂದ್ಗಡೆ ಮೊಳೆಗೆ.”

“ಊರವರಿಗೆ ಗೊತ್ತಾ?”

“ಊರೋರಿಗ್ಯಾಕೆ ಗೊತ್ತಾಗ್ತತಿ? ಮನಿಯೋರಿಗೆ ಅಷ್ಟೆ. ನಾವಿಬ್ರು, ಅಂಬಿಕಾ, ಅವಳ ಅಣ್ಣ ಸಿದ್ದೇಶ.”

“ಸಿದ್ದೇಶ್ ಈಗ ಎಲ್ಲಿದಾನೆ?”

“ನೌಕ್ರಿ ಆತಲ್ಲ ಅವಂಗೆ! ಒಂದೂವರೆ ವರ್ಷಾತು. ಯಾವುದೋ ಪ್ರೈವೇಟ್ ಸ್ಕೂಲು. ಲ್ಯಾಬೋ ಏನೋ ಅಂತಾರಲ್ಲ, ಗಾಜಿನ ಸಾಮಾನು ನೋಡ್ಕಳ್ಳೋದು. ಸಂಕ್ರಾಂತಿಗೆ ಬಂದಿದ್ದ, ನಂಗೆ ಕನ್ನಡಕ ತಂದುಕೊಟ್ಟ.” ಮೂಕಮ್ಮ ತಲೆಯ ಮೇಲೆ ಏರಿಸಿಕೊಂಡಿದ್ದ ಕನ್ನಡಕವನ್ನು ಹೆಮ್ಮೆಯಿಂದ ಮುಟ್ಟಿಕೊಂಡರು.

“ಯಾವ ಊರು?”

“ನ್ಯಾಮತಿ.”

ಅರುಣಾರ ಕೈಯಲ್ಲಿದ್ದ ಶೇಂಗಾ ಬಾಯಿಗೆ ಹೋಗಲಿಲ್ಲ. ‘ಚುಕ್ಕಿ ಮಂದೆ’ಯ ಮುಖಪುಟದ ಮೇಲೆ ಹೆಸರಿರುವ ಮಾಲತೇಶ್ ನ್ಯಾಮತಿಯವರು. ಅಲ್ಲಿನ ಖಾಸಗಿ ಶಾಲೆಯ ವಿಜ್ಞಾನದ ಮೇಷ್ಟ್ರು.

ಅವರು ಎದ್ದು ನಿಂತು, “ಹನುಮಂತಪ್ಪಾರೆ, ಒಂದು ಉಪಕಾರ ಆಗಬೇಕು. ಆರೂ ಮನೆಯ ಒಂದೊಂದು ಕುರಿಯ ಕಿವಿ ಫೋಟೊ ಬೇಕು ನಂಗೆ” ಎಂದರು.

ಆ ಬೆಳಗ್ಗೆ ಸೊಕ್ಕೆಯ ಓಣಿ ತಮಾಷೆ ನೋಡಲು ನೆರೆಯಿತು. ಕೆಂಚೇಶನ ಟಗರು ಅರುಣಾರ ಸೀರೆಯ ಸೆರಗನ್ನು ಕಚ್ಚಿತು. ಸಾವಂತ್ರಮ್ಮ ತನ್ನ ಕುರಿಯ ಕಿವಿಯನ್ನು ಒದ್ದೆ ಬಟ್ಟೆಯಿಂದ ಒರೆಸಿಯೇ ಫೋಟೊಗೆ ಹಿಡಿದಳು. “ಪೇಪರ್‌ನಾಗೆ ಬರ್ತತೇನೋ, ಯಾರಿಗ್ಗೊತ್ತು!” ಎಂದು ನಗಾಡಿದಳು.

* * *

ಜಗಳೂರಿನ ನಿಲ್ದಾಣದಲ್ಲಿ ಬಸ್ಸು ಎರಡೇ ನಿಮಿಷ ನಿಂತಿತು. ಕಿಟಕಿಯಿಂದ ಜೆರಾಕ್ಸ್ ಅಂಗಡಿಯ ಬೋರ್ಡು ಕಾಣುತ್ತಿತ್ತು. ಇಳಿದು ಹೋಗಿ ಅಂಬಿಕಾಗೆ ಹೇಳಬೇಕೆನಿಸಿತು ಅರುಣಾಗೆ. ಆದರೆ ಈ ಬಸ್ಸು ತಪ್ಪಿದರೆ ದಾವಣಗೆರೆಯಲ್ಲಿ ಹೊನ್ನಾಳಿಯ ಬಸ್ಸೂ ತಪ್ಪುತ್ತದೆ, ನ್ಯಾಮತಿಗೆ ಹೋಗಬೇಕಾದದ್ದು ಹೊನ್ನಾಳಿಯ ಮೇಲೆಯೇ. ಅಂಗಡಿಯ ಮಾಲೀಕ ಐದು ಗಂಟೆಯವರೆಗೆ ಕೆಲಸದವರಿಗೆ ಮೊಬೈಲ್ ಮುಟ್ಟಗೊಡುವುದಿಲ್ಲ. ಸಂಜೆ ಹೇಳಿದರಾಯಿತು, ಕೈಯಲ್ಲಿ ಆಧಾರ ಹಿಡಿದುಕೊಂಡೇ ಹೇಳಿದರಾಯಿತು ಎಂದುಕೊಂಡರು.

ಹೊರಗೆ ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು, ಊರವರ ಮಾತಿನಲ್ಲಿ ಫ್ಯಾನುಗಳು, ನಿಧಾನಕ್ಕೆ ತಿರುಗುತ್ತಿದ್ದವು. ತಿಪ್ಪಿ ನಕ್ಷತ್ರಕ್ಕೆ ಹೋದದ್ದು ಅದನ್ನೇ ಹತ್ತಿ. ಮೆಕ್ಕೆಜೋಳದ ಹೊಲದಲ್ಲಿ ಕೂತು ಅದನ್ನು ನೋಡುತ್ತ ಬೆಳೆದ ಹುಡುಗಿಯ ತಲೆಯಲ್ಲಿ ಮಾತ್ರ ಹುಟ್ಟಬಹುದಾದ ಏಣಿ. ಹೊನ್ನಾಳಿಯ ಹಾಸ್ಟೆಲಿನಲ್ಲಿದ್ದು ಡಿಗ್ರಿ ಓದಿದ ಮೂರು ವರ್ಷ ಅಂಬಿಕಾ ಅರುಣಾರ ಅಂಗಡಿಗೆ ಬರುತ್ತಿದ್ದಳು. ಬಾಡಿಗೆಯ ಚೀಟಿಯ ಮೇಲೆ ಪುಸ್ತಕದ ಹೆಸರನ್ನು ಮುತ್ತು ಪೋಣಿಸಿದಂತೆ ಬರೆಯುತ್ತಿದ್ದಳು. ಮಳೆಯಲ್ಲಿ ಬಂದರೆ ಪುಸ್ತಕವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ತಾನು ನೆನೆದು ಬರುತ್ತಿದ್ದಳು.

ಅಂಥವಳು ಎಂಟು ದಿನದ ಹಿಂದೆ ಮುದ್ರಿತ ಪುಸ್ತಕವನ್ನು ಅರುಣಾರ ಮೇಜಿನ ಮೇಲೆ ದೂಡಿ, “ಮೂರು ಅಧ್ಯಾಯ ಓದಿದೆ ಮೇಡಂ. ಮುಂದಕ್ಕೆ ಓದಾಕೆ ಆಗ್ಲಿಲ್ಲ. ನನ್ನ ಕೂಸಿಗೆ ಬೇರೆಯೋರು ಬಟ್ಟೆ ಹಾಕಿದಂಗೆ ಐತೆ” ಎಂದಿದ್ದಳು. ಅಂದಿನಿಂದ ಅದನ್ನು ಅವಳು ಮುಟ್ಟಿರಲಿಲ್ಲ.

ದಾವಣಗೆರೆಯಲ್ಲಿ ಹೊನ್ನಾಳಿಯ ಬಸ್ಸು ಹೊರಟೇ ಬಿಟ್ಟಿತ್ತು. ಯಾರೋ ಹೆಂಗಸು ಕಿಟಕಿಯಿಂದ ಕೈಹಾಕಿ ಬಸ್ಸಿನ ಮೈಯನ್ನು ಪಟಪಟ ಬಡಿದು, “ಏ ಡ್ರೈವರಣ್ಣಾ, ವಯಸ್ಸಾದೋರು ಓಡ್ತಾ ಬರ್ತದಾರೆ, ಕಣ್ಣಿಲ್ಲೇನು?” ಎಂದು ಕೂಗಿದಳು. ಬಸ್ಸು ನಿಂತಿತು. ಅರುಣಾ ಹತ್ತಿ, ಏದುಸಿರು ಬಿಡುತ್ತ ಅವಳ ಪಕ್ಕದಲ್ಲೇ ಕೂತರು. ವಯಸ್ಸಾದವರು ಅಂದದ್ದಕ್ಕೆ ಚೂರು ಸಿಟ್ಟು ಬಂದಿತ್ತು. ಅದನ್ನು ಅಲ್ಲಿಗೇ ಬಿಟ್ಟರು.

* * *

ನ್ಯಾಮತಿಯ ಮನೆಯ ಬಾಗಿಲು ತೆಗೆದವರು ಮಾಲತೇಶರ ತಾಯಿ ಬಂಗಾರಮ್ಮ. ಬಂದವರು ಯಾರು, ಏಕೆ ಎಂದು ಕೇಳುವ ಮೊದಲೇ ನೀರು, ಬೆಲ್ಲ ತಂದಿಟ್ಟರು.

“ಬಿಸಿಲಾಗೆ ಬಂದೀರಿ. ಮೊದ್ಲು ಕುಡೀರಿ. ನಮ್ಮ ಹುಡುಗನ ಪುಸ್ತಕದ ಸಲುವಾಗೇ ಬಂದಿರಬೇಕು, ಕೈಯಾಗೈತಲ್ಲ. ದಿನಾ ಬರ್ತಾರೆ ಈಗ. ಮೊನ್ನೆ ಮಕ್ಕಳು ಹನ್ನೆರಡು ಜನ ಬಂದಿದ್ರು.”

“ಹೌದಮ್ಮ, ಅದಕ್ಕೇ ಬಂದೆ.”

“ಭಾಳ ಕಷ್ಟಬಿದ್ದು ಬರದ. ಕೊನೆ ಹೆಂಗೆ ಮಾಡೋದು ಅಂತ ತಿಂಗಳುಗಟ್ಲೆ ಒದ್ದಾಡಿದ. ಇದೇ ಪಡಸಾಲ್ಯಾಗೆ ಅತ್ತಿಂದಿತ್ತ ತಿರುಗೋನು. ಊಟ ಬಿಟ್ಟ. ಆಮೇಲೆ ಒಂದಿನ ಏನು ಹೊಳೀತೋ, ಒಂದೇ ವಾರದಾಗೆ ಮುಗಿಸಿಬಿಟ್ಟ.”

ಅರುಣಾ ನೀರಿನ ಲೋಟ ಕೆಳಗಿಟ್ಟರು. ಈ ತಾಯಿಯ ಎದುರು ಆಡಬೇಕಾದ ಮಾತಲ್ಲ ತಾನು ತಂದಿರುವುದು ಎನಿಸಿತು. ಅಷ್ಟರಲ್ಲಿ ಒಳಕೋಣೆಯಿಂದ ಮಾಲತೇಶ್ ಬಂದರು. ನಲವತ್ತೈದರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿ, ಬೆರಳಿಗೆ ಅಂಟಿದ ಚಾಕ್‌ಪುಡಿ.

“ನಮಸ್ಕಾರ ಮೇಡಂ. ಹೊನ್ನಾಳಿ ಪುಸ್ತಕದಂಗಡಿಯವರಲ್ವಾ ನೀವು? ನನ್ನ ಹಿಂದಿನ ನಾಲ್ಕೂ ಪುಸ್ತಕ ನಿಮ್ಮಲ್ಲಿಟ್ಟಿದ್ದೆ. ಯಾರೂ ಒಯ್ಯಲಿಲ್ಲ ಅಂತ ವಾಪಸ್ ಕಳಿಸಿದ್ರಿ.”

“ವಾಪಸ್ ಕಳಿಸುವಾಗ ಪತ್ರ ಬರೆದಿದ್ದೆ.”

“ಓದಿದೆ. ಒಳ್ಳೆ ಮಾತು ಬರೆದಿದ್ರಿ.” ಅವರು ನಕ್ಕರು. “ಐದನೇದು ಒಯ್ತಾ ಇದಾರೆ ಅಂತ ಕೇಳಿದೆ.”

“ಸರದಿ ಹಚ್ಚಿ ಒಯ್ತಾರೆ. ಒಂದು ಅನುಮಾನ ಕೇಳ್ತಾರೆ ಮಕ್ಕಳು, ನಂಗೆ ಹೇಳಾಕೆ ಬರ್ಲಿಲ್ಲ. ಈ ಎಲೆ ಅಕ್ಷರ ಎಲ್ಲಿಂದ ಬಂತು?”

“ಅದಾ? ನಾನೇ ಕಟ್ಟಿದ ಲಿಪಿ. ಒಂದರಿಂದ ಏಳರವರೆಗೆ ಅಂಕಿ. ಬೇರೆ ಬೇರೆ ಎಲೆಯ ಅಂಚು ನೋಡಿ ಮಾಡಿದ್ದು. ಮಾವು, ಬೇವು, ಹೊಂಗೆ.”

“ಆರನೇ ಅಧ್ಯಾಯದಲ್ಲಿ ತಿಪ್ಪಿ ಕತ್ತಲಲ್ಲಿ ಮರಿಯ ತಲೆ ಸವರಿ, ‘ಇದು ನಮ್ಮ ಓಣಿಯದು’ ಅಂತಾಳೆ. ಎಲೆಯನ್ನ ಕತ್ತಲಲ್ಲಿ ಹೆಂಗೆ ಓದಿದ್ಲು?”

“ಕೊರಳಿಗೆ ಎಲೆಯ ಹಾರ ಕಟ್ಟಿರುತ್ತೆ. ಬರ್ದಿದೀನಲ್ಲ.”

“ಬರ್ದೀರಿ. ಹಾರ ಕೊರಳಲ್ಲಿ ಐತೆ. ಅವಳು ಸವರಿದ್ದು ತಲೆ.”

ಮಾಲತೇಶರ ನಗು ನಿಂತಲ್ಲೇ ನಿಂತಿತು. ಅರುಣಾ ಮೊಬೈಲ್ ತೆಗೆದು, ಪುಸ್ತಕದ ಕೊನೆಯ ಪುಟದ ಪಕ್ಕ ಇಟ್ಟು, ಒಂದೊಂದೇ ಫೋಟೊ ಸರಿಸಿದರು. ಚಿತ್ರ, ಫೋಟೊ. ಚಿತ್ರ, ಫೋಟೊ. ಆರು ಸಲ.

ಅದೇ ಹೊತ್ತಿಗೆ ಬಂಗಾರಮ್ಮ ಚಹಾ ತಂದವರು ಬಗ್ಗಿ ನೋಡಿದರು. “ಅಯ್ಯ, ಕುರಿ ಕಿವಿ! ನಮ್ಮ ತವರಿನಾಗೂ ಹಿಂಗೇ ಕಚ್ಚು ಹಾಕೋರು, ಮಂದೆ ಕಲಸಿ ಹೋದ್ರೆ ಗೊತ್ತಾಗ್ಲಿ ಅಂತ.” ಆಮೇಲೆ ಪುಸ್ತಕ ನೋಡಿದರು. “ಇವೂ ಅವೇ ಅಲ್ಲೇನಪ್ಪ? ಎಲೆ ಅಂದಿದ್ದೆ ನಂಗೆ?”

“ಅವ್ವ, ನೀನು ಸ್ವಲ್ಪ ಒಳಗಿರು.”

ಬಂಗಾರಮ್ಮ ಮಗನ ಮುಖ ನೋಡಿದರು. ಅರುಣಾರ ಮುಖ ನೋಡಿದರು. ಚಹಾದ ಲೋಟವನ್ನು ಅರುಣಾರ ಕೈಗೆ ಹತ್ತಿರವಾಗುವಂತೆ ಸರಿಸಿ, ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು.

“ಬರೆದವಳು ಇದು ಕಿವಿ ಅಂತ ಎಲ್ಲೂ ಹೇಳಿರಲಿಕ್ಕಿಲ್ಲ” ಎಂದರು ಅರುಣಾ ಮೆಲ್ಲಗೆ. “ಯಾಕೆಂದ್ರೆ ಅವಳು ಬರದಿದ್ದು ಅವಳೂರ ಹುಡುಗ್ರಿಗೆ. ಅವಕ್ಕೆ ಹೇಳೋದೇ ಬೇಕಿರ್ಲಿಲ್ಲ. ನಿಮಗೆ ಹೇಳೋರು ಯಾರೂ ಇರ್ಲಿಲ್ಲ, ಅದಕ್ಕೆ ಎಲೆ ಅಂದ್ಕಂಡ್ರಿ. ಚಿತ್ರ ಬರೆಯೋರು ಪಾಪ ಅದಕ್ಕೆ ನರ ಬಿಡಿಸಿದ್ರು.”

“ಕಾಕತಾಳೀಯ ಇರಬಹುದು ಮೇಡಂ.”

“ಆರು ಗುರುತು, ಒಂದೇ ಓಣಿ, ಮನೆ ಇರೋ ಸಾಲಿನಲ್ಲೇ! ನೀವು ಸೊಕ್ಕೆಗೆ ಹೋಗಿದ್ರೇನು?”

“ಇಲ್ಲ.”

“ಸಿದ್ದೇಶ್ ಹೋಗ್ತಾನೆ. ನಿಮ್ಮ ಲ್ಯಾಬಿನಲ್ಲಿ ಕೆಲಸ ಮಾಡೋ ಸಿದ್ದೇಶ್.”

ಮಾಲತೇಶ್ ಬೆರಳಿನ ಚಾಕ್‌ಪುಡಿಯನ್ನು ಒಂದೇ ಸಮನೆ ಉಜ್ಜುತ್ತಿದ್ದರು.

“ಅವನ ಕೆಲಸಕ್ಕೆ ಏನೂ ಆಗಬಾರದು” ಎಂದರು ಕೊನೆಗೆ. “ಅವನು ತಂದುಕೊಟ್ಟಿದ್ದು ಅಚ್ಚು ಹಾಕಿಸ್ತೀನಿ ಅಂತ ನಾನು ಅಂದಿದ್ದಕ್ಕೆ. ತಂಗಿಗೆ ಗೊತ್ತಿಲ್ದಂಗೆ, ಖುಷಿ ಮಾಡೋಣ ಅಂತ. ಹಾಕಿಸಬೇಕು ಅಂತಲೇ ಇತ್ತು ಮೇಡಂ ನಂಗೂ. ತಿದ್ದಾಕೆ ಕೂತೆ. ತಿದ್ದತಾ ತಿದ್ದತಾ, ಇದು ನಂದೇ ಅನ್ನಿಸಾಕೆ ಶುರುವಾಯ್ತು. ನಾಲ್ಕು ಪುಸ್ತಕ ಬರ್ದೆ. ಒಂದು ಮಗು ಬಂದು ಬಾಗಿಲು ಬಡಿಲಿಲ್ಲ. ಈಗ...”

“ಈಗ ಹನ್ನೆರಡು ಜನ ಬಂದ್ರು. ಅವಳ ಬಾಗಿಲಿಗೆ ಬರಬೇಕಾಗಿದ್ದವರು.”

“ಸಿದ್ದೇಶ ಕೇಳ್ದ, ಹೆಸರು ಯಾಕೆ ಬದಲಾತು ಸರ್ ಅಂತ. ಅಚ್ಚಿನಾಗೆ ತಪ್ಪಾಗೈತಿ, ಮುಂದಿನ ಸಲ ಸರಿಮಾಡ್ತೀವಿ ಅಂದೆ. ಅವತ್ತಿಂದ ಅವನು ನನ್ನ ಮುಖ ನೋಡಲ್ಲ.” ಅವರು ಪುಸ್ತಕವನ್ನು ಮುಚ್ಚಿದರು. “ನಾಳೆ ವೇದಿಕೆ ಮೇಲೆ ನಾನೇ ಹೇಳ್ತೀನಿ.”

“ನಾಳೆಗೆ ಧೈರ್ಯ ಇರುತ್ತೋ ಇಲ್ಲೋ. ಈಗ ಬರೀರಿ.”

“ಮೇಡಂ...”

“ನೀವು ಕೆಟ್ಟೋರಲ್ಲ ಅಂತ ನಂಗೆ ಅನ್ನಿಸ್ತೈತೆ. ಅದನ್ನ ನಂಬ್ಕಂಡು ನಾನು ಬಸ್ ಹತ್ತಾಕೆ ಆಗಲ್ಲ. ಹಾಳೆ ತರ್ರಿ, ನೋಟ್‌ಬುಕ್ಕೂ ತರ್ರಿ.”

ಮಾಲತೇಶ್ ಎದ್ದರು. ಬೀರುವಿನ ಮೇಲಿನಿಂದ ಬಟ್ಟೆಯಲ್ಲಿ ಸುತ್ತಿಟ್ಟ ಗಂಟನ್ನು ತಂದು ಮೇಜಿನ ಮೇಲಿಟ್ಟು, ಬಿಳಿ ಹಾಳೆ ಎಳೆದುಕೊಂಡರು. ಅರುಣಾ ಗಂಟು ಬಿಚ್ಚಿದರು. ಮೇಲಿನ ಉದ್ದ ನೋಟ್‌ಬುಕ್ ತೆರೆದರೆ ಅದೇ ಮುತ್ತು ಪೋಣಿಸಿದ ಅಕ್ಷರ. ‘ನಮ್ಮೂರ ಫ್ಯಾನಿನ ತುದಿಗೆ ಒಂದು ಬಾಗಿಲೈತೆ’ ಎಂದು ಶುರುವಾಗುವ ಮೊದಲ ಸಾಲು. ಅದನ್ನು ಮುದ್ರಿತ ಪುಸ್ತಕದಲ್ಲಿ ‘ಇದೆ’ ಎಂದು ತಿದ್ದಿದ್ದರು. ಬದಿಯಲ್ಲಿ ಅವಳೂರ ಹುಡುಗರ ಗೀಚು: ‘ಅಕ್ಕಾ, ಮರಿ ಸಾಯಿಸಬ್ಯಾಡ.’ ಅರುಣಾ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಸಿಕ್ಕಿತು. ಕೈಗೆ ಸಿಕ್ಕಿತು!

ಎದುರಿಗೆ ಪೆನ್ನು ಓಡುತ್ತಿತ್ತು. ‘ಚುಕ್ಕಿ ಮಂದೆ ಎಂಬ ಈ ಕಾದಂಬರಿಯನ್ನು ಪೂರ್ತಿಯಾಗಿ ಬರೆದವರು ಜಗಳೂರು ತಾಲ್ಲೂಕು ಸೊಕ್ಕೆಯ...’ ಅಲ್ಲಿ ಪೆನ್ನು ನಿಂತಿತು.

“ಪೂರ್ತಿಯಾಗಿ ಅಂತ ಬರೀಲಾ ಮೇಡಂ?”

“ಮತ್ತೆ?”

“ಬರೆದ್ರೆ ಅದೊಂದು ಸುಳ್ಳಾಗುತ್ತೇನೋ. ಇವತ್ತು ಇನ್ನೊಂದು ಸುಳ್ಳು ನನ್ನ ಕೈಲಿ ಆಗಲ್ಲ.” ಅವರು ಗಂಟಿನ ತಳಕ್ಕೆ ಬೆರಳು ತೋರಿಸಿದರು. “ಸಿದ್ದೇಶ ಕೊಟ್ಟಿದ್ದು ಎರಡು. ಕತೆ ಅರ್ಧಕ್ಕೆ ನಿಂತಿತ್ತು. ಕೊನೆ ನಂಗೆ ಬರೆಯಾಕೆ ಆಗ್ಲಿಲ್ಲ, ಮೂರು ತಿಂಗಳು ಒದ್ದಾಡಿದೆ. ಏಪ್ರಿಲ್‌ನಲ್ಲಿ ಆ ಮೂರನೇದು ಟಪಾಲಿನಲ್ಲಿ ಬಂತು. ಶಾಲೆಗೆ, ನನ್ನ ಹೆಸರಿಗೆ. ಆ ಹುಡುಗಿಯೇ ಕಳಿಸಿರಬೇಕು, ಒಪ್ಪಿಗೆ ಐತೆ ಅಂದ್ಕಂಡೆ. ಹಂಗಂದ್ಕಂಡ್ರೆ ನಂಗೂ ಅನುಕೂಲ ಇತ್ತು.”

ಅರುಣಾ ಮೂರನೆಯದನ್ನು ತೆಗೆದರು. ಸಣ್ಣ ನೋಟ್‌ಬುಕ್, ಪೆನ್ಸಿಲ್ ಬರಹ. ಅಕ್ಷರಗಳು ದಪ್ಪ, ಬಲಕ್ಕೆ ವಾಲಿದ್ದವು. ಒಂದೊಂದು ಸಾಲನ್ನೂ ಎರಡೆರಡು ಸಲ ಅಳಿಸಿ ಬರೆದ ಗುರುತು. ಇದು ಅಂಬಿಕಾಳ ಕೈ ಅಲ್ಲ. ನೂರಾರು ಚೀಟಿ ನೋಡಿದ ಕಣ್ಣಿಗೆ ಎರಡನೆಯ ಸಲ ನೋಡಬೇಕಿರಲಿಲ್ಲ. ಕೊನೆಯ ಹಾಳೆಯಲ್ಲಿ ಏಳೂ ಕಿವಿಗಳು ಸಾಲಾಗಿದ್ದವು. ಓಣಿಯ ಪೂರ್ತಿ ಸಾಲು ಇದ್ದದ್ದು ಇದರಲ್ಲಿ ಮಾತ್ರ. ನೋಟ್‌ಬುಕ್ಕಿನ ಜೊತೆ ಪಿನ್ನು ಹಾಕಿಟ್ಟಿದ್ದ ಕವರಿನ ಮೇಲೆ ಕಳಿಸಿದವರ ಹೆಸರಿಲ್ಲ. ಅಂಚೆಯ ಮುದ್ರೆ ಮಾತ್ರ ಸ್ಪಷ್ಟವಾಗಿತ್ತು. ಚನ್ನಗಿರಿ.

ಸೊಕ್ಕೆಯ ಜಗುಲಿಯ ಮೇಲೆ ತಾನು ಕಟ್ಟಿದ ಲೆಕ್ಕವೆಲ್ಲ ಸಡಿಲವಾದದ್ದು ಅರುಣಾಗೆ ಗೊತ್ತಾಯಿತು. ಜೊತೆಗೆ ತನ್ನದೇ ಒಂದು ತಪ್ಪೂ ಕಂಡಿತು. ನೋಟ್‌ಬುಕ್ ಕಳೆದಿವೆ ಎಂದು ಅಂಬಿಕಾ ಹೇಳಿದಾಗ ಅವರು ಎಲ್ಲವನ್ನೂ ಕೇಳಿದ್ದರು, ಎಷ್ಟು ಎಂದು ಮಾತ್ರ ಕೇಳಿರಲಿಲ್ಲ.

“ಪೂರ್ತಿಯಾಗಿ ಅನ್ನೋದು ಹೊಡೆದುಹಾಕ್ರಿ” ಎಂದರು. “ಆದದ್ದು ಆದಂಗೆ ಬರೀರಿ, ಎರಡು ನೋಟ್‌ಬುಕ್ಕು, ಒಂದು ಟಪಾಲು. ಸಹಿ ಹಾಕಿ ಕೊಡ್ರಿ. ನಾಳೆ ಹತ್ತಕ್ಕೆ ಚನ್ನಗಿರಿಯಲ್ಲಿ ನೀವೂ ಇರಬೇಕು.”

“ಇರ್ತೀನಿ.”

ಹೊರಡುವಾಗ ಬಂಗಾರಮ್ಮ ಬಾಗಿಲಲ್ಲಿ ನಿಂತಿದ್ದರು. ಕಣ್ಣುಗಳು ಕೆಂಪಾಗಿದ್ದವು. ಎಲ್ಲಾ ಕೇ‍ಳಿಸಿಕೊಂಡಿದ್ದರು. ಆದರೂ ಅರುಣಾರ ಖಾಲಿ ಬಾಟಲಿಯನ್ನು ಯಾವಾಗಲೋ ಒಯ್ದು ತಣ್ಣೀರು ತುಂಬಿಟ್ಟಿದ್ದರು. ಅದನ್ನು ಕೈಗಿಟ್ಟು, “ಆ ಹುಡುಗಿಗೆ...” ಎಂದು ಶುರುಮಾಡಿ ಮುಂದೆ ಹೇಳಲಾಗದೆ ನಿಂತರು.

“ಹೇಳ್ತೀನಮ್ಮ” ಎಂದರು ಅರುಣಾ.

* * *

ನಿಲ್ದಾಣದಲ್ಲಿ ಹೊನ್ನಾಳಿಯ ಬಸ್ಸು ತುಂಬಿ ನಿಂತಿತ್ತು. ರಾತ್ರಿ ಅಂಗಡಿಯಲ್ಲಿ ಮಲಗಿ, ಬೆಳಗ್ಗೆ ಆರರ ಚನ್ನಗಿರಿ ಬಸ್ಸು ಹಿಡಿಯುವುದು ಎಂದು ಅರುಣಾ ನಿರ್ಧರಿಸಿದರು. ಕಾರ್ಯಕ್ರಮಕ್ಕೆ ಮೊದಲು ಅಲ್ಲಿನ ಅಂಚೆ ಕಚೇರಿಯ ಯಾರನ್ನಾದರೂ ಮನೆಯಲ್ಲೇ ಹಿಡಿಯಬೇಕು. ಭಾನುವಾರವಾದರೇನು, ಎಬ್ಬಿಸಿದರಾಯಿತು.

ಐದು ದಾಟಿ ಏಳು ನಿಮಿಷವಾಗಿತ್ತು. ಒಂದೇ ರಿಂಗಿಗೆ ಅಂಬಿಕಾ ಎತ್ತಿದಳು.

“ಸಿಕ್ವಾ ಮೇಡಂ?”

“ಸಿಕ್ವು. ನನ್ನ ಚೀಲದಾಗದಾವೆ.”

ಅತ್ತ ಕಡೆ ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. ಹಿಂದೆ ಜೆರಾಕ್ಸ್ ಯಂತ್ರದ ಸದ್ದು ಬರುತ್ತಿತ್ತು. ಅರುಣಾ ಅವಳು ಸುಧಾರಿಸಿಕೊಳ್ಳುವವರೆಗೆ ಕಾದರು.

“ಅಂಬಿಕಾ, ಒಂದು ಕೇಳ್ತೀನಿ, ನಿಜ ಹೇಳು. ನೀನು ಬರೆದ ನೋಟ್‌ಬುಕ್ ಎಷ್ಟು?”

“ಎರಡು. ಯಾಕೆ ಮೇಡಂ?”

“ನಿಮ್ಮಪ್ಪನಿಗೆ ಅಂತ ಒಂದು ಕಿವಿಗುರುತು ಮಾಡಿದ್ದೆಯಾ ಕತೆಯಲ್ಲಿ?”

“ಅಪ್ಪಂಗಾ? ಇಲ್ಲಲ್ಲ. ನಮಗೆಲ್ಲಿ ಮೇಡಂ ಕುರಿ?” ಅವಳು ಸ್ವಲ್ಪ ತಡೆದಳು. “ನಾನು ಕತೆ ಮುಗಿಸೇ ಇಲ್ಲ. ತಿಪ್ಪಿನ ಫ್ಯಾನಿನ ತುದಿಯಾಗೆ ನಿಲ್ಲಿಸಿಬಿಟ್ಟೆ. ಕೆಳಗೆ ಮೋಡ, ದಾರಿ ಕಾಣ್ತಿಲ್ಲ. ಹೆಂಗೆ ಇಳಿಸೋದು ಅಂತ ಎಷ್ಟು ಯೋಚನೆ ಮಾಡಿದ್ರೂ ಹೊಳೀಲಿಲ್ಲ. ಅಲ್ಲಿಗೇ ಟ್ರಂಕಿಗೆ ಹಾಕಿದ್ದೆ.”

ಹೊನ್ನಾಳಿ, ಹೊನ್ನಾಳಿ ಎಂದು ಕಂಡಕ್ಟರ್ ಕೂಗುತ್ತಿದ್ದ.

“ಮೇಡಂ, ಆ ಪುಸ್ತಕದಾಗೆ ಕತೆ ಮುಗಿದೈತಾ?”

“ಮುಗಿದೈತೆ.”

“ಯಾರು ಮುಗಿಸಿದ್ರು?”

“ಗೊತ್ತಿಲ್ಲ ಮಗಾ. ಮಾಲತೇಶ್ ಅಲ್ಲ. ನಿಮ್ಮ ಓಣಿ ಗೊತ್ತಿರೋರು ಯಾರೋ.”

ಜೆರಾಕ್ಸ್ ಯಂತ್ರ ನಿಂತಿತು. ಆ ನಿಶ್ಶಬ್ದದಲ್ಲಿ ಅಂಬಿಕಾ, ಅರುಣಾರ ಅಂಗಡಿಯಲ್ಲಿ ಮಕ್ಕಳು ಕೇಳುವ ದನಿಯಲ್ಲೇ ಕೇಳಿದಳು.

“ಮನಿಗೆ ಬಂದ್ಲಾ ಮೇಡಂ, ತಿಪ್ಪಿ?”